ಗುಡ್ಡದೂರಿನ ಆರು ಹೊಲಿಗೆ ಮಷಿನ್‌ಗಳು

ಆರು ಹೊಲಿಗೆ ಮಷಿನ್‌ಗಳನ್ನು ವಶಕ್ಕೆ ತೆಗೆದುಕೊಂಡಿದ್ದೇನೆ ಎಂದು ನಾನು ಸಹಿ ಮಾಡಿದ ದಿನ ಆ ಕೋಣೆಯಲ್ಲಿ ಇದ್ದದ್ದು ಎರಡೇ. ಉಳಿದ ನಾಲ್ಕರ ಜಾಗದಲ್ಲಿ ನೆಲದ ಮೇಲೆ ಎಣ್ಣೆಯ ಕಲೆಗಳಿದ್ದವು. ಹೆಡ್ ಕ್ಲರ್ಕ್ ರಿಜಿಸ್ಟರ್ ತೆರೆದು, ಬೆರಳಿಟ್ಟು ಜಾಗ ತೋರಿಸಿದರು.

"ರಿಪೇರಿಗೆ ಹೋಗ್ಯಾವ್ರಿ ಅಕ್ಕೋರ. ನಾಳಿ ನಾಡದ್ದು ಬರ್ತಾವ. ನೀವು ಹೊಸಬರು, ಸುಮ್ಮನ ಒಂದು ಸಹಿ ಒಗೀರಿ."

ಒಗೆದೆ. ಇಪ್ಪತ್ಮೂರು ವರ್ಷ ನನಗೆ ಆಗ. ನಮ್ಮ ಮನೆತನದಲ್ಲಿ ಸರ್ಕಾರಿ ನೌಕರಿ ಕಂಡ ಮೊದಲ ಹೆಣ್ಣುಮಗಳು. ದೊಡ್ಡವರು ಹೇಳಿದಲ್ಲಿ ಸಹಿ ಮಾಡುವುದೂ ನೌಕರಿಯ ಒಂದು ಭಾಗ ಎಂದುಕೊಂಡಿದ್ದೆ. ಈಗ ನನ್ನ ಕೂದಲು ಅರ್ಧ ಬೆಳ್ಳಗಾಗಿದೆ, ಆ ಸಹಿಯ ಮೇಲಿನ ಸಿಟ್ಟು ಮಾತ್ರ ಒಂದಿಷ್ಟೂ ಹಣ್ಣಾಗಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ತಾವರಗೇರಾ ಕಡೆಯವಳು. ನಮ್ಮಲ್ಲಿ ಎಲ್ಲವೂ ಬಯಲು. ಬಾಗಿಲಲ್ಲಿ ನಿಂತರೆ ಕುಷ್ಟಗಿಯ ಬಸ್ಸು ಎಬ್ಬಿಸುವ ಧೂಳು ಬಸ್ಸಿಗಿಂತ ಮೊದಲೇ ಕಾಣಿಸುತ್ತದೆ. ಒಲೆಯ ಮೇಲೆ ಚಹಾ ಇಡಲು ಅಷ್ಟು ಹೊತ್ತು ಸಾಕು. ನನಗೆ ನೌಕರಿ ಸಿಕ್ಕಿದ್ದು ಗಂಗಾವತಿಯ ಆಚೆ, ಮೂರು ಕಡೆ ಕಲ್ಲುಗುಡ್ಡ ಸುತ್ತುವರಿದ ಊರಲ್ಲಿ. ಮನೆಯಷ್ಟು ದೊಡ್ಡ ಬಂಡೆಗಳು ಒಂದರ ಮೇಲೊಂದು ಕೂತಿರುತ್ತಿದ್ದವು. ಮೊದಲ ವಾರ ಅವುಗಳ ಕೆಳಗೆ ನಡೆಯುವಾಗ ತಲೆ ತಗ್ಗಿಸಿಯೇ ನಡೆಯುತ್ತಿದ್ದೆ. ಬಾಡಿಗೆ ಮನೆ ಗುಡ್ಡದ ಓರೆಯಲ್ಲಿತ್ತು. ಬೀದಿಯಿಂದ ನಲವತ್ತೆರಡು ಮೆಟ್ಟಿಲು. ಬಾವಿ ಕೆಳಗೆ, ಮನೆ ಮೇಲೆ. ಎರಡು ಕೊಡ ನೀರು ಹತ್ತಿಸುವಷ್ಟರಲ್ಲಿ ಉಸಿರು ಬಾಯಿಗೆ ಬರುತ್ತಿತ್ತು. ಹಗಲೆಲ್ಲ ಕಾದ ಕಲ್ಲು ದೀಪ ಹಚ್ಚುವ ಹೊತ್ತಿಗೂ ಬಿಸಿ ಉಗುಳುತ್ತಿತ್ತು. ಒಣಹಾಕಿದ ಹಪ್ಪಳವನ್ನು ಕಪ್ಪು ಮೂತಿಯ ಮುಸುವಗಳು ಎತ್ತಿಕೊಂಡು ಹೋಗುತ್ತಿದ್ದವು. ಡಬ್ಬಿಯ ಮುಚ್ಚಳ ತಿರುಗಿಸುವುದನ್ನೂ ಕಲಿತಿದ್ದವು.

ಅವ್ವ ನನ್ನ ಜೊತೆ ಬಂದು ನಾಲ್ಕು ದಿನ ಇದ್ದಳು. ಒಲೆ ಹೂಡಿ ಕೊಟ್ಟಳು, ಜೋಳದ ಹಿಟ್ಟಿನ ಡಬ್ಬಿಯನ್ನು ಮುಸುವಕ್ಕೆ ಸಿಗದ ಮೂಲೆಯಲ್ಲಿಟ್ಟಳು, ಶೇಂಗಾ ಹಿಂಡಿ ಕುಟ್ಟಿ ತುಂಬಿಸಿದಳು. ಹೊರಡುವಾಗ ಮನೆಯೊಡತಿಯ ಕೈ ಹಿಡಿದು, "ಹುಡುಗಿ ಸಿಟ್ಟಿನಾಕಿ ಅಲ್ರಿ, ಎಲ್ಲಾ ಸಹಿಸಿಕೋತಾಳ. ನೀವ ನೋಡ್ಕೋರಿ," ಎಂದಳು. ಮಗಳನ್ನು ಹೊಗಳಿದೆ ಎಂದುಕೊಂಡಿದ್ದಳು.

ಮನೆಯೊಡತಿ ಎಪ್ಪತ್ತು ದಾಟಿದ ಮುದುಕಿ. ಊರೆಲ್ಲ ಆಯಿ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಮೊದಲ ಸಂಜೆಯೇ ವಿಚಾರಣೆ ಶುರುವಾಯಿತು.

"ಏನು ನೌಕರಿ ನಿಂದು?"

"ಹುಡುಗ್ಯಾರಿಗೆ ಹೊಲಿಗಿ ಕಲಸೋದು, ಆಯಿ."

"ಅದಕ್ಕೂ ಸರಕಾರದವರು ಪಗಾರ ಕೊಡ್ತಾರ? ಕೌದಿ ಹೊಲದು ಹೊಲದು ನನ್ನ ಬೆನ್ನ ಬಾಗೇತಿ. ನನಗ ಯಾರೂ ಒಂದು ಕಪ್ ಚಹಾ ಕುಡಿಸಲಿಲ್ಲ ನೋಡು."

ಮರುದಿನ ನಾನೇ ಚಹಾ ಮಾಡಿ ಕೊಟ್ಟೆ. ಕುಡಿದು, ಸಕ್ಕರೆ ಸಾಲದು ಎಂದಳು.

ನಮ್ಮ ತರಬೇತಿ ಕೇಂದ್ರ ಎಂದರೆ ಹಳೆಯ ಛತ್ರದ ಎರಡು ಕೋಣೆ. ಹನ್ನೆರಡು ಹುಡುಗಿಯರು. ನೀರು ತಂದು, ರೊಟ್ಟಿ ಬಡಿದು, ಎಮ್ಮೆ ಬಿಟ್ಟು ಹನ್ನೊಂದರ ಹೊತ್ತಿಗೆ ಬರುತ್ತಿದ್ದರು. ನಾಲ್ಕಕ್ಕೆಲ್ಲ ಸೂರ್ಯ ಗುಡ್ಡದ ಹಿಂದೆ ಸರಿದುಬಿಡುತ್ತಿದ್ದ. ಬಯಲಿನವಳಾದ ನನಗೆ ಇದು ಹೊಸದು; ಇನ್ನೂ ಹೊತ್ತು ಇದೆ ಎನ್ನುವಾಗಲೇ ಸೂಜಿಯ ಕಣ್ಣು ಕಾಣದಂತಾಗುತ್ತಿತ್ತು. ಅಷ್ಟರೊಳಗೆ ಹನ್ನೆರಡು ಕೈಗಳು ಎರಡು ಮಷಿನ್ ಮೇಲೆ ಸರದಿ ಮುಗಿಸಬೇಕು. ಬಲಗೈಯಿಂದ ಚಕ್ರ ತಿರುಗಿಸಿ ಎಡಗೈಯಿಂದ ಬಟ್ಟೆ ನಡೆಸುವ ಕೈ ಮಷಿನ್ ಅವು. ಕೈ ಕೂರಬೇಕಾದರೆ ದಿನವೂ ತಾಸುಗಟ್ಟಲೆ ತಿರುಗಿಸಬೇಕು. ಇವರ ಪಾಲಿಗೆ ಬರುತ್ತಿದ್ದದ್ದು ಅರ್ಧ ತಾಸು, ಕೆಲವು ದಿನ ಅದೂ ಇಲ್ಲ. ಹಳೆಯ ಪತ್ರಿಕೆಯ ಗೆರೆಗಳ ಮೇಲೆ ದಾರವಿಲ್ಲದ ಸೂಜಿ ಓಡಿಸುವುದು ಮೊದಲ ಪಾಠ. ಸರದಿ ಬರದವರು ಚಾಪೆಯ ಮೇಲೆ ಕೂತು ಅಂಚು ಮಡಚಿ ಕೈಹೊಲಿಗೆ ಹಾಕುತ್ತಿದ್ದರು. ರಿಪೇರಿಯ ಮಷಿನ್ ನಾಳೆ ಬರುತ್ತವೆ ಎಂದು ನಾನು ದಿನವೂ ಹೇಳುತ್ತಿದ್ದೆ. ನಾನೂ ನಂಬಿದ್ದೆ.

ಮೂರನೆಯ ವಾರ ಸಾಹೇಬರ ಮನೆಯಿಂದ ಕರೆ ಬಂತು. ನಮ್ಮ ಕಚೇರಿಯ ಮೇಲಧಿಕಾರಿ ಅವರು. ಅವರ ಹೆಂಡತಿಯನ್ನು ಎಲ್ಲರೂ ಬಾಯಿಯವರು ಎನ್ನುತ್ತಿದ್ದರು. ಮಕ್ಕಳ ಅಂಗಿಗೆ ಅಳತೆ ತೆಗೆದುಕೊಳ್ಳಬೇಕಂತೆ. ಹೋದೆ. ಪಡಸಾಲೆಯಲ್ಲಿ ಕಸೂತಿಯ ಮುಸುಕು ಹೊದ್ದ ಎರಡು ಮಷಿನ್ ಇದ್ದವು. ಬಾಯಿಯವರು ಒಂದರ ಮುಸುಕು ತೆಗೆದರು. ಕಪ್ಪು ಮೈಯ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಅಂಕಿ ಮೂರು. ನಮ್ಮ ಕೇಂದ್ರದ್ದು. ಇನ್ನೊಂದರ ಮೇಲೆ ಐದು.

"ಕೂಡ್ರಿ ಟೀಚರ್, ಕೂಡ್ರಿ. ನಿಮ್ಮ ಕೈ ಭಾಳ ಛಲೋ ಐತಂತ. ಅಲ್ಲಿ ಆ ಹುಡುಗ್ಯಾರ ಕೈಗೆ ಕೊಟ್ರ ಎರಡ ದಿನದಾಗ ಮುರದ ಇಡ್ತಾವ. ಇಲ್ಲಿ ನೋಡ್ರಿ, ಹೆಂಗ ಜ್ವಾಕಿ ಮಾಡೀನಿ."

ಆಗ ನಾನು ಏನು ಮಾಡಿದೆ? ಎದ್ದು ಬಂದೆನೇ? ಇಲ್ಲ. ಕೂತೆ. ಸಾಹೇಬರ ಸಣ್ಣ ಮಗನ ಚಡ್ಡಿ ಹೊಲಿದೆ. ಮುಂದಿನ ಶನಿವಾರ ಲಂಗ, ಅದರ ಮುಂದಿನ ಶನಿವಾರ ಬಾಯಿಯವರ ತಂಗಿಯ ಬ್ಲೌಸು. ಮೂರು ತಿಂಗಳು ಪ್ರತಿ ಶನಿವಾರ ಅಲ್ಲಿ ಕೂತು, ನನ್ನ ಹುಡುಗಿಯರಿಗೆ ಸಿಗದ ಮಷಿನ್ನಿನ ಚಕ್ರ ತಿರುಗಿಸಿದೆ. ಉಪ್ಪಿಟ್ಟು ಕೊಡುತ್ತಿದ್ದರು, ತಿನ್ನುತ್ತಿದ್ದೆ. "ಎಷ್ಟು ತಾಳ್ಮಿ ಹುಡುಗಿ," ಎಂದು ಬಾಯಿಯವರು ನೆರೆಮನೆಯವರಿಗೆ ತೋರಿಸುತ್ತಿದ್ದರು. ಉಳಿದ ಎರಡರಲ್ಲಿ ಒಂದು ಹೆಡ್ ಕ್ಲರ್ಕ್ ಮನೆಯಲ್ಲಿ, ಇನ್ನೊಂದು ಸ್ಟೋರ್ ನೋಡುವವರ ಮನೆಯಲ್ಲಿ ಇವೆ ಎಂಬುದೂ ಅಲ್ಲೇ ತಿಳಿಯಿತು. ಯಾರೂ ಮುಚ್ಚಿಡಲಿಲ್ಲ. ಮುಚ್ಚಿಡಬೇಕಾದ ವಿಷಯ ಎಂದು ಯಾರಿಗೂ ಅನ್ನಿಸಿರಲಿಲ್ಲ. ನನ್ನ ಹೊಟ್ಟೆ ಉರಿಸಿದ್ದು ಅದೇ.

ಸಾಹೇಬರನ್ನು ಮೂರು ಸಲ ಕೇಳಿದೆ. ಮೊದಲ ಸಲ, "ಹೂಂ, ನೋಡೋಣ," ಎಂದರು. ಎರಡನೆಯ ಸಲ, "ನಿಮ್ಮ ಪ್ರೊಬೇಷನ್ ಇನ್ನೂ ಮುಗದಿಲ್ಲ, ಹೌದಿಲ್ಲೋ?" ಎಂದರು. ಮೂರನೆಯ ಸಲ ಫೈಲಿನಿಂದ ತಲೆ ಎತ್ತಲೂ ಇಲ್ಲ.

"ಆರೂ ಮಷಿನ್ ನಿಮ್ಮ ತಾಬಾದಾಗ ಅದಾವಂತ ನೀವ ಸಹಿ ಮಾಡೀರಿ. ಈಗ ಇಲ್ಲ ಅಂತ ಬರದ್ರ ಯಾರ ಮ್ಯಾಲೆ ಬರ್ತೈತಿ ವಿಚಾರ ಮಾಡ್ರಿ."

ಹೊರಗೆ ಬಂದು ಗುಡ್ಡ ನೋಡುತ್ತ ನಿಂತೆ. ಅಳು ಬರುತ್ತಿದೆ ಎಂದುಕೊಂಡಿದ್ದೆ, ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು, ಅದು ಅಳುವಲ್ಲ, ಸಿಟ್ಟು.

ಮಹಾನವಮಿಗೆ ಹತ್ತು ದಿನ ಮೊದಲು ರಾಯಚೂರಿನಿಂದ ಕಾಗದ ಬಂತು. ದೀಪಾವಳಿ ಮುಗಿದ ಮೇಲೆ ಪರೀಕ್ಷೆ. ಆರಾರು ಜನರ ಎರಡು ತಂಡ. ಒಬ್ಬೊಬ್ಬರಿಗೂ ಒಂದೊಂದು ಮಷಿನ್. ಆರು ಮಷಿನ್ ಇಲ್ಲದ ಕೇಂದ್ರದಲ್ಲಿ ಪರೀಕ್ಷೆ ನಡೆಸುವುದಿಲ್ಲ. ಈ ಪರೀಕ್ಷೆ ಪಾಸಾದರೆ ಹುಡುಗಿಯರೂ ನನ್ನಂತೆ ನೌಕರಿಗೆ ಅರ್ಜಿ ಹಾಕಬಹುದಿತ್ತು. ಅವರಲ್ಲಿ ನಾಲ್ವರ ಲಗ್ನವನ್ನು ಮನೆಯವರು ಇದೊಂದಕ್ಕಾಗಿ ತಡೆದಿದ್ದರು.

ಕಾಗದ ಓದಿ ಹೇಳಿದೆ. ಹಿಂದಿನ ಸಾಲಿನಲ್ಲಿ ಒಬ್ಬಳಿದ್ದಳು, ಮಾತು ಜೋರು, ಕತ್ತರಿಗಿಂತ ಚೂಪು.

"ಎರಡು ಮಷಿನ್ ಮ್ಯಾಲೆ ಆರು ಮಂದಿ ಕುಂದ್ರಾಕ ನಾವೇನು ಗುಬ್ಬಿ ಏನ್ರಿ ಅಕ್ಕೋರ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಮಷಿನ್ ಎಲ್ಲಿವೆ ಎಂಬುದನ್ನು ಆ ದಿನ ಅವರಿಗೆ ಹೇಳಿದೆ. ಶನಿವಾರಗಳ ಸಂಗತಿಯನ್ನು ಹೇಳಲಿಲ್ಲ. ಅವಳು ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು. ಸಾಹೇಬರ ಮನೆಯ ಹಿಂದೆಯೇ ಅವಳ ಮನೆ.

ಹಬ್ಬಕ್ಕೆ ಊರಿಗೆ ಹೋಗಲು ರಜೆ ಸಿಗಲಿಲ್ಲ. ಮನೆಯ ನೆನಪಾಗಿ ಆಯಿಯ ಮುಂದೆ ಹೇಳುತ್ತ ಕೂತಿದ್ದೆ. ನಮ್ಮಪ್ಪ ನವಮಿಯ ಹಿಂದಿನ ದಿನ ಓಣಿಯೆಲ್ಲ ಸುತ್ತಿ ಎರವು ಕೊಟ್ಟ ಕುಡಗೋಲು, ಕುಂಟೆ, ಹಗ್ಗ ಎಲ್ಲ ತರುತ್ತಿದ್ದ. ತಾನು ಎರವು ತಂದಿದ್ದನ್ನು ಅವರವರ ಮನೆಗೆ ಮುಟ್ಟಿಸುತ್ತಿದ್ದ. ಆಯುಧಪೂಜೆಯ ದಿನ ಹತ್ಯಾರ ದುಡಿಯುವವರ ಮನೆಯಲ್ಲಿ ಇರಬೇಕು, ಅಲ್ಲೇ ಪೂಜೆ ತೆಗೆದುಕೊಳ್ಳಬೇಕು.

"ಇಲ್ಲೂ ಹಂಗ ಐತಿ," ಎಂದಳು ಆಯಿ, ಎಲೆಗೆ ಸುಣ್ಣ ಹಚ್ಚುತ್ತ. "ಮಂದಿ ಹತ್ಯಾರ ಮನ್ಯಾಗ ಇಟ್ಕೊಂಡು ನವಮಿ ಮಾಡಿದ್ರ ಆ ಮನಿಗೆ ಛಲೋ ಅಲ್ಲ. ಯಾರ ಇದ್ರೂ ತಿರುಗಿ ಕೊಡ್ತಾರ. ಅಂದಂಗ, ನಿನ್ನ ಹತ್ಯಾರ ಯಾವುದು?"

"ನಂದೇನು ಆಯಿ, ಮಷಿನ್ನು."

"ಎಷ್ಟ ಅದಾವ?"

"ಆರು. ಕೈಯಾಗಿರೋದು ಎರಡು."

ಆಯಿ ಎಲೆಯನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. "ಮತ್ತ ಇಲ್ಲಿ ಯಾಕ ಕುಂತಿ?"

ಆಯುಧಪೂಜೆಯ ಬೆಳಿಗ್ಗೆ ಹನ್ನೆರಡೂ ಹುಡುಗಿಯರು ತಲೆಸ್ನಾನ ಮಾಡಿ, ಮಡಚಿಟ್ಟಿದ್ದ ಸೀರೆ ತೆಗೆದು ಉಟ್ಟು ಬಂದರು. ತಟ್ಟೆಯಲ್ಲಿ ವಿಭೂತಿ, ಕುಂಕುಮ, ಚೆಂಡು ಹೂ. ನಾಲ್ವರ ಕೈಯಲ್ಲಿ ಕೊಡ ಹೊರುವಾಗ ತಲೆಗೆ ಇಟ್ಟುಕೊಳ್ಳುವ ಸಿಂಬಿ. ನಾನು ಮುಂದೆ.

ಸ್ಟೋರಿನವರ ಮನೆಯಲ್ಲಿ ಮಾತೇ ಬೇಕಾಗಲಿಲ್ಲ. ಅವರ ಹೆಂಡತಿ ತಟ್ಟೆ ನೋಡಿದ ಕೂಡಲೇ ಒಳಗೆ ಹೋಗಿ ಮಷಿನ್ನಿನ ಧೂಳು ಒರೆಸಿ ಕೊಟ್ಟರು, ತಲೆಬಾಗಿಲಲ್ಲಿ ಅದಕ್ಕೆ ಕುಂಕುಮ ಹಚ್ಚಿದರು. ಹೆಡ್ ಕ್ಲರ್ಕ್ ಮನೆಯಲ್ಲಿರಲಿಲ್ಲ. ಅವರ ಹೆಂಡತಿ, "ಅವರು ಬಂದ ಮ್ಯಾಲೆ..." ಎನ್ನುವಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ಬಂತು.

"ಮಂದಿ ಹತ್ಯಾರ ಇಟ್ಕೊಂಡು ಹೋಳಿಗಿ ತಿನ್ನಾಕ ಕುಂತೀರೇನು? ಕೊಡು ಮೊದಲ! ನನ್ನ ಮೊಮ್ಮಕ್ಕಳ ತಲಿಮ್ಯಾಲೆ ತರಬ್ಯಾಡ!"

ಮೂರನೆಯದು ಸಾಹೇಬರ ಮನೆ. ಬಾಯಿಯವರು ಬಾಗಿಲಿಗೆ ಅಡ್ಡ ನಿಂತರು. ಮಷಿನ್‌ಗಳನ್ನು ಪೂಜೆಗೆ ಒಯ್ಯಲು ಬಂದಿದ್ದೇವೆ ಎಂದೆ.

"ಇಷ್ಟ ಅಲ್ಲೇನು? ಬರ್ರಿ, ಇಲ್ಲೇ ಪೂಜಿ ಮಾಡ್ರಿ. ನಾನೂ ಹೂ ತರಸೀನಿ."

"ಇಲ್ಲ್ರಿ. ಹತ್ಯಾರ ಹಿಡಿಯೋರು ಇರೋ ಕಡೆ ಪೂಜಿ ಆಗಬೇಕ್ರಿ."

"ಯಾಕ, ನಾವು ಹಿಡಿಯೂದಿಲ್ಲೇನು?"

ನನ್ನ ಹಿಂದಿನಿಂದ ಆ ಚೂಪು ದನಿ: "ಶನಿವಾರ ಶನಿವಾರ ಹೊಲಿಯೋರು ನಮ್ಮ ಅಕ್ಕೋರು ಅಲ್ಲೇನ್ರಿ ಬಾಯಾರ? ನೀವು ಹಾಕ್ಕೊಂಡೀರಿ, ಅಷ್ಟ."

ಅವಳಿಗೆ ಗೊತ್ತಿತ್ತು. ನನ್ನ ಕಿವಿಗಳು ಕಾದ ಬಂಡೆಯಂತಾದವು. ಅಕ್ಕಪಕ್ಕದ ಮನೆಗಳ ಬಾಗಿಲಲ್ಲಿ ಜನ ನಿಂತಿದ್ದರು. ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡ ಸಾಹೇಬರು ಬನಿಯನ್ನಿನಲ್ಲೇ ಹೊರಗೆ ಬಂದರು.

"ಏನಿದು ಮೆರವಣಿಗಿ?"

ಹುಡುಗಿಯರು ತಟ್ಟೆ ಮುಂದೆ ಮಾಡಿದರು. ಹೂವಿನ ತಟ್ಟೆ ಹಿಡಿದ ಹನ್ನೆರಡು ಹೆಣ್ಣುಮಕ್ಕಳಿಗೆ ಹಬ್ಬದ ದಿನ ಬಾಗಿಲಲ್ಲಿ ಇಲ್ಲ ಎನ್ನಲು ಅವರಿಗೂ ಬಾಯಿ ಬರಲಿಲ್ಲ. "ಪೂಜಿ ಮುಗಿಸಿ ನಾಳಿ ತಂದು ಇಡಬೇಕು," ಎಂದು ಒಳಗೆ ಹೋದರು. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಹುಡುಗಿಯರು ಮೂರನೆಯ ಮತ್ತು ಐದನೆಯ ಮಷಿನ್‌ಗಳನ್ನು ಸಿಂಬಿಯ ಮೇಲೆ ಎತ್ತಿಟ್ಟುಕೊಂಡರು. ನಾಲ್ಕು ಮಷಿನ್ ಸಾಲಾಗಿ ಬೀದಿ ಇಳಿದವು.

ಕೇಂದ್ರದಲ್ಲಿ ಮುಸುಕು ತೆಗೆದು ನೋಡಿದರೆ ಐದನೆಯದರಲ್ಲಿ ಕೆಳಗಿನ ದಾರದ ಉರುಳೆ ಕೂರುವ ಬಾಬಿನ್ ಕೇಸ್ ಇರಲಿಲ್ಲ. ಬಾಯಿಯವರು ಜೋಪಾನ ಮಾಡಿದ್ದು ಹೀಗೆ. ಗಂಗಾವತಿಗೆ ಹೋಗಿ ರಿಪೇರಿ ಅಂಗಡಿಯಿಂದ ಹಳೆಯದೊಂದು ತಂದು ಹಾಕಿದೆ.

ಹಬ್ಬ ಮುಗಿದ ಮೇಲೆ ಸಾಹೇಬರು ಕರೆಸಿದರು. "ಯಾರ ಅಪ್ಪಣಿ ತಗೊಂಡು ಸಾಮಾನು ಸಾಗಿಸಿದ್ರಿ? ಬರದು ಕೊಡ್ರಿ."

"ಬರೀತೀನ್ರಿ ಸರ್. ಆದರ ಎಲ್ಲಿಂದ ತಂದೆ ಅಂತ ಬರೀಲ್ರಿ? ರಿಜಿಸ್ಟರ್‌ದಾಗ ಆರೂ ಮೊದಲಿಂದ ಕೇಂದ್ರದಾಗ ಅದಾವಂತ ಐತಿ. ನಾನ ಸಹಿ ಮಾಡೀನಿ."

ಸಾಹೇಬರು ಪೆನ್ನಿನ ಕ್ಯಾಪ್ ತೆಗೆದರು, ಹಾಕಿದರು. ಮೆಮೊ ಬರಲಿಲ್ಲ. ಬಂದದ್ದು ಬೇರೆ. ಪರೀಕ್ಷೆ ಮುಗಿಯುವ ತನಕ ವಾರದಲ್ಲಿ ಮೂರು ದಿನ ನಾನು ಹಳ್ಳಿಹಳ್ಳಿ ತಿರುಗಿ ಹೆಣ್ಣುಮಕ್ಕಳ ಪಟ್ಟಿ ಮಾಡಬೇಕೆಂಬ ಹುಕುಂ. ಪಾಠಕ್ಕೆ ಉಳಿದದ್ದು ಮೂರೇ ದಿನ. ಆ ಪಟ್ಟಿಯನ್ನು ಯಾರೂ ಕೇಳಲಿಲ್ಲ, ಯಾರೂ ಓದಲಿಲ್ಲ. ನಾನು ಇಲ್ಲದ ದಿನ ಹುಡುಗಿಯರೇ ಬೀಗ ತೆಗೆದು, ಸರದಿ ಹಚ್ಚಿ, ಒಬ್ಬರ ಹೊಲಿಗೆ ಒಬ್ಬರು ಬಿಚ್ಚಿಸಿ ಕಲಿತರು.

ಪರೀಕ್ಷೆಯ ದಿನ ರಾಯಚೂರಿನಿಂದ ಪರೀಕ್ಷಕಿ ಬಂದರು. ಸಾಹೇಬರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಅವರ ಪಕ್ಕ ಕೂತರು. ಆರೂ ಮಷಿನ್ ತೋರಿಸಿ, "ನಾವು ಹುಡುಗ್ಯಾರಿಗೆ ಯಾವುದಕ್ಕೂ ಕಮ್ಮಿ ಮಾಡಿಲ್ಲ್ರಿ ಮೇಡಂ," ಎಂದರು. ನನ್ನ ಕೈಯಲ್ಲಿ ಕತ್ತರಿ ಇತ್ತು. ಮೇಜಿನ ಮೇಲೆ ಇಟ್ಟುಬಿಟ್ಟೆ. ಅಷ್ಟರಲ್ಲಿ ಅವರು ನನ್ನ ಕಡೆ ತಿರುಗಿ, "ಟೀಚರ್, ಮೇಡಂಗೆ ಚಹಾ ಹೇಳಿ ಬರ್ರಿ," ಎಂದರು. ರೂಢಿಯಂತೆ ನಾನು ಎರಡು ಹೆಜ್ಜೆ ಇಟ್ಟೂ ಆಗಿತ್ತು. ಚೂಪು ಮಾತಿನ ಹುಡುಗಿ ಬಟ್ಟೆಯಿಂದ ಕಣ್ಣೆತ್ತದೆ ಹೇಳಿದಳು: "ಅಕ್ಕೋರು ಇಲ್ಲೇ ಇರಬೇಕ್ರಿ. ಪರೀಕ್ಷಾ ನಡದೈತಿ." ಪರೀಕ್ಷಕಿ ತಲೆಯಾಡಿಸಿದರು. ಸಾಹೇಬರೇ ಎದ್ದು ಹೋದರು.

ಹತ್ತು ಜನ ಪಾಸಾದರು. ಇಬ್ಬರು ಆಗಲಿಲ್ಲ. ಮಷಿನ್ ಹೊಲಿಗೆ ನೆಟ್ಟಗಿಲ್ಲ, ಕೊಟ್ಟ ಹೊತ್ತಿನಲ್ಲಿ ಮುಗಿದಿಲ್ಲ ಎಂದು ಷರಾ ಇತ್ತು. ಇಬ್ಬರೂ ದೂರದ ಓಣಿಯವರು, ತಡವಾಗಿ ಬರುತ್ತಿದ್ದವರು. ಎರಡೇ ಮಷಿನ್ ಇದ್ದ ತಿಂಗಳುಗಳಲ್ಲಿ ಅವರ ಸರದಿ ಬರುವ ಮೊದಲೇ ಗುಡ್ಡದ ನೆರಳು ಬಿದ್ದಿರುತ್ತಿತ್ತು. ಕಾಗದದಲ್ಲಿ ಅದಕ್ಕೆ ಷರಾ ಇರಲಿಲ್ಲ.

ಹೇಳಲು ನಾನೇ ಅವರ ಮನೆಗೆ ಹೋದೆ. ಮೊದಲನೆಯವಳು ಬಾಗಿಲ ಸಂದಿಯಲ್ಲಿ ನಿಂತು ಕೇಳಿ ಒಳಗೆ ಹೋಗಿಬಿಟ್ಟಳು. ಎರಡನೆಯ ಮನೆಯಲ್ಲಿ ತಾಯಿ ರೊಟ್ಟಿ ಬಡಿಯುತ್ತಿದ್ದಳು. ಗುಡ್ಡದ ಬುಡದಲ್ಲಿ ಕಲ್ಲೊಡೆಯುವ ಕೂಲಿಗೆ ಹೋಗುವವಳು. ಮಗಳು ಗೋಡೆಗೆ ಮುಖ ಮಾಡಿ ಕೂತಿದ್ದಳು.

"ಹೋಗ್ಲಿ ಬಿಡ್ರಿ ಅಕ್ಕೋರ," ಎಂದಳು ತಾಯಿ, ನನಗೇ ಸಮಾಧಾನ ಹೇಳುವಂತೆ. "ನಮ್ಮಾಕಿ ಕೈಯಾಗ ಅದು ಇರಲಿಲ್ಲ ಕಾಣಸ್ತೈತಿ. ನಮ್ಮಂಥವರ ಕೈ ಸೂಜಿಗೆ ಬಗ್ಗೂದಿಲ್ಲ."

ನಾನು ಒಲೆಯ ಮುಂದೆ ಆಕೆಯ ಎದುರು ಕೂತೆ.

"ಹಂಗ ಅನಬ್ಯಾಡ್ರಿ. ಆಕಿ ಕೈ ಛಲೋ ಐತಿ. ಮಷಿನ್ ಇರಲಿಲ್ಲ." ಎಲ್ಲಿದ್ದವು, ಯಾರ ಮನೆಯಲ್ಲಿ, ಎಷ್ಟು ತಿಂಗಳು, ಎಲ್ಲ ಹೇಳಿದೆ. ಶನಿವಾರಗಳನ್ನೂ ಹೇಳಿದೆ.

ಆಕೆಯ ಕೈ ರೊಟ್ಟಿಯ ಮೇಲೆಯೇ ನಿಂತಿತು. "ಅಂದ್ರ ನೀವೂ ಅಲ್ಲೇ ಕುಂತು ಹೊಲದ್ರಿ?"

"ಹೊಲದೆ."

ಹೆಂಚಿನ ಮೇಲಿನ ರೊಟ್ಟಿ ಸೀದಿತು. ಆಕೆ ಉರಿಯುವ ಕಟ್ಟಿಗೆಗಳನ್ನು ಹಿಂದಕ್ಕೆ ಎಳೆದು ನೀರು ಚಿಮುಕಿಸಿದಳು, ಕೈ ತೊಳೆದಳು, ಸೆರಗು ತಲೆಯ ಮೇಲೆ ಹಾಕಿಕೊಂಡಳು.

"ಏಳು ಏ," ಎಂದು ಮಗಳಿಗೆ. "ನಡೀರಿ," ಎಂದು ನನಗೆ.

"ಎಲ್ಲಿಗ್ರಿ?"

"ಆ ಮನಿಗೆ. ನನ್ನ ಮುಂದ ಹೇಳಿದ್ದನ್ನ ಆ ಬಾಯಿ ಮುಂದ ಹೇಳ್ರಿ. ಅಷ್ಟೂ. ನಾ ಬಾಜೂಕ ನಿಂತಿರ್ತೀನಿ."

ಮಟಮಟ ಮಧ್ಯಾಹ್ನ. ಚಪ್ಪಲಿಯೊಳಗೂ ಕಲ್ಲು ಸುಡುತ್ತಿತ್ತು. ದಾರಿಯುದ್ದಕ್ಕೂ ಆಕೆ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಆಕೆಗೆ ನನ್ನ ಮೇಲೂ ಸಿಟ್ಟಿತ್ತು, ಇರಬೇಕಾದದ್ದೇ. ಸಾಹೇಬರ ಮನೆಯ ಮುಂದೆ ಬಂದಾಗ ತಾಯಿ ಮಗಳು ಇಬ್ಬರೂ ನನಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತರು. ಬಾಗಿಲು ಬಡಿದದ್ದು ನಾನು.